ಇನ್‌ಸ್ಟಾಗ್ರಾಂನಿಂದ ಬಂದ ಇಮೇಲ್ ಅಸಲಿಯೋ ನಕಲಿಯೋ, ಹೇಗೆ ತಿಳಿಯುವುದು?

ಮೇಲ್‌ನಲ್ಲಿರುವ ಲಿಂಕ್ ಒತ್ತಬೇಡಿ, ಆ್ಯಪ್ ತೆರೆದು ನೋಡಿ. ಅದರ ಸೆಟ್ಟಿಂಗ್ಸ್‌ನಲ್ಲಿ ಪಾಸ್‌ವರ್ಡ್ ಮತ್ತು ಭದ್ರತೆಯ ವಿಭಾಗಕ್ಕೆ ಹೋದರೆ, ಇತ್ತೀಚೆಗೆ ಇನ್‌ಸ್ಟಾಗ್ರಾಂ ನಿಮಗೆ ಕಳಿಸಿದ ಮೇಲ್‌ಗಳ ಪಟ್ಟಿಯೇ ಇರುತ್ತದೆ. ಫೇಸ್‌ಬುಕ್‌ನಲ್ಲೂ ಹಾಗೆಯೇ. ನಿನ್ನೆ ಬಂದ ಮೇಲ್ ಅಲ್ಲಿ ಕಾಣದಿದ್ದರೆ ನಕಲಿ ಎಂದೇ ತಿಳಿಯಿರಿ.

ಕಳಿಸಿದವರ ಹೆಸರು ನೋಡಿ ನಂಬಬಾರದು. ಅದನ್ನು ಬರೆಯುವುದು ಕಳಿಸುವವನೇ, ಅಂಚೆ ಲಕೋಟೆಯ ಹಿಂದೆ ಯಾರ ಹೆಸರು ಬೇಕಾದರೂ ಬರೆಯಬಹುದಲ್ವಾ, ಹಾಗೆ. ಲೋಗೋ ಅಂತೂ ಸುಮ್ನೆ ಕಾಪಿ ಮಾಡಿದ್ದು. ಲಿಂಕ್‌ನಲ್ಲೂ ಇದೇ ಆಟ: ‘ಇನ್‌ಸ್ಟಾಗ್ರಾಂ ಡಾಟ್ ಕಾಮ್ ಡಾಟ್ ಇನ್ನೇನೋ ಡಾಟ್ ನೆಟ್’ ಎಂದಿದ್ದರೆ ಶುರುವಿನ ಹೆಸರು ಬರೀ ಅಲಂಕಾರ, ಒಂಟಿ ಸ್ಲ್ಯಾಶ್ (/) ಬರುವ ಮುಂಚೆ ಕೊನೆಯಲ್ಲಿರುವ ‘ಇನ್ನೇನೋ ಡಾಟ್ ನೆಟ್’ ಇದೆಯಲ್ಲ, ನೀವು ನಿಜವಾಗಿ ಹೋಗುವುದು ಅಲ್ಲಿಗೆ.

‘ಕಾಪಿರೈಟ್ ಉಲ್ಲಂಘನೆ, 24 ಗಂಟೆಯಲ್ಲಿ ಖಾತೆ ಡಿಲೀಟ್’ ಎಂಬ ಧಮಕಿ ಜಾಸ್ತಿ. ಗಾಬರಿಯಾದವರು ವಿಳಾಸ ಓದುವುದಿಲ್ಲ ಅಂತ ಮೋಸಗಾರರಿಗೆ ಚೆನ್ನಾಗಿ ಗೊತ್ತು.

ಈಗಾಗಲೇ ಪಾಸ್‌ವರ್ಡ್ ಕೊಟ್ಟುಬಿಟ್ಟಿದ್ದರೆ ಆ್ಯಪ್‌ನಿಂದಲೇ ಬದಲಿಸಿ, ಲಾಗಿನ್ ಆಗಿರುವ ಬೇರೆ ಫೋನು, ಕಂಪ್ಯೂಟರುಗಳನ್ನೆಲ್ಲ ಹೊರಹಾಕಿ, ಪಾಸ್‌ವರ್ಡ್ ಜೊತೆ ಕೋಡ್ ಕೂಡ ಕೇಳುವ ಎರಡು ಹಂತದ ದೃಢೀಕರಣ ಆನ್ ಮಾಡಿ.