ಗೌಟ್ ಗುಳಿಗೆಯ ಒಳಗೆ ಏನಿತ್ತು?

ನಮಸ್ಕಾರ. ಹಳೆಯ ಬ್ರಿಟಿಷ್ ಜಾಹೀರಾತುಗಳ ಪ್ರತಿ ಕಳಿಸಿದ್ದೀರಿ. ಕೀಲು ಊದಿ ನೋಯುವ ಗೌಟ್ ಕಾಯಿಲೆಗೆ ಬ್ಲೇರ್ಸ್ ಗುಳಿಗೆ, ಹೊಟ್ಟೆಗೆ ಬೀಚಮ್ಸ್ ಗುಳಿಗೆ, ಹಲ್ಲು ಬರುವ ಮಗುವಿಗೆ ಮಿಸೆಸ್ ವಿನ್‌ಸ್ಲೋ ಸಿರಪ್. 'ಇದೆಲ್ಲ ಬರೀ ಮೋಸವಾ? ಆ ಗೌಟ್ ಔಷಧಿಯ ಗೆಡ್ಡೆ ಸಿಕ್ಕರೆ ತಂದೆಗೆ ಕಷಾಯ ಮಾಡಿ ಕೊಡಬಹುದಾ? ಎಷ್ಟು ಹಾಕಬೇಕು?' ಎಂದು ಕೇಳಿದ್ದೀರಿ.

ಗೌಟ್ ಔಷಧಿ ಮೋಸ ಅಲ್ಲ. ನಿಜವಾಗಿಯೂ ಕೆಲಸ ಮಾಡುತ್ತಿತ್ತು. 18ನೇ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಸೈನ್ಯಾಧಿಕಾರಿ ಹುಸ್ಸೋನ್ ಎಂಬಾತ ಒಂದು 'ಔಷಧಿ ನೀರು' ಮಾರುತ್ತಿದ್ದ. ಅದರಲ್ಲಿ ಏನಿದೆ ಅಂತ ಮಾತ್ರ ಬಾಯಿ ಬಿಡಲಿಲ್ಲ. ಅದು ಕಾಲ್ಚಿಕಮ್ ಎಂಬ ಗೆಡ್ಡೆ ಗಿಡದ ಸಾರ ಎಂದು ಲಂಡನ್ನಿನ ವೈದ್ಯ ಜಾನ್ ವಾಂಟ್ 1814ರಲ್ಲಿ ಬಯಲು ಮಾಡಿದರು. ಬ್ಲೇರ್ಸ್ ಗುಳಿಗೆಯಲ್ಲೂ ಇದ್ದದ್ದು ಅದೇ. ಇಂದಿಗೂ ವೈದ್ಯರು ಬರೆದುಕೊಡುವ ಕಾಲ್ಚಿಸಿನ್ ಇದರದ್ದೇ ಸತ್ವ.

ಗೌಟ್ ಬಂದಾಗ ಕಾಲಿನ ಹೆಬ್ಬೆರಳು ಕೆಂಪಗೆ ಊದಿಕೊಳ್ಳುತ್ತದೆ, ಹೊದಿಕೆ ತಾಗಿದರೂ ಜೀವ ಹೋದಂತಾಗುತ್ತದೆ. ಕೀಲಿನೊಳಗೆ ಯೂರಿಕ್ ಆಮ್ಲ ಸೂಜಿಯಂಥ ಹರಳುಗಳಾಗಿ ಕೂತಿರುತ್ತದೆ. ಬಿಳಿ ರಕ್ತಕಣಗಳು ಅವುಗಳ ಮೇಲೆ ಮುಗಿಬೀಳುವುದರಿಂದಲೇ ಆ ಉರಿ. ಕಾಲ್ಚಿಸಿನ್ ಈ ಕಣಗಳ ಓಟ ತಡೆಯುತ್ತದೆ. ಆದರೆ ಯೂರಿಕ್ ಆಮ್ಲವನ್ನು ತಗ್ಗಿಸುವುದಿಲ್ಲ. ಹಾಗಾಗಿ ನೋವು ಇಳಿದರೂ ಮತ್ತೆ ಬರುತ್ತಿತ್ತು, ಜನ ಮತ್ತೆ ಗುಳಿಗೆ ಕೊಳ್ಳುತ್ತಿದ್ದರು.

ಬೀಚಮ್ಸ್ ಗುಳಿಗೆಯಲ್ಲಿ ಇದ್ದದ್ದು ಲೋಳೆಸರದ ಸಾರ, ಶುಂಠಿ, ಸಾಬೂನು. ಭೇದಿ ಮಾಡಿಸುತ್ತಿತ್ತು, ಅಷ್ಟೇ. ನನಗೆ ತಡೆಯಲಾಗದ ಸಿಟ್ಟು ಬರುವುದು ಆ ಮಕ್ಕಳ ಸಿರಪ್ ಬಗ್ಗೆ. ಅದರಲ್ಲಿ ಅಫೀಮಿನಿಂದ ತೆಗೆಯುವ ಮತ್ತಿನ ಮದ್ದು ಮಾರ್ಫಿನ್ ಇತ್ತು. ಅಳುವ ಮಗು ಚಮಚ ಸಿರಪ್ ಕುಡಿದು ಸುಮ್ಮನಾಗುತ್ತಿತ್ತು, ಗುಣವಾಯಿತು ಅಂತ ತಾಯಿ ನಂಬುತ್ತಿದ್ದಳು. ಕೆಲವು ಮಕ್ಕಳು ಮತ್ತೆ ಏಳಲೇ ಇಲ್ಲ. ಮಾರ್ಫಿನ್ ಇದ್ದರೆ ಬಾಟಲಿಯ ಚೀಟಿಯ ಮೇಲೆ ಬರೆಯಲೇಬೇಕು ಎಂಬ ಕಾನೂನು ಅಮೆರಿಕದಲ್ಲಿ ಬಂದದ್ದು 1906ರಲ್ಲಿ. ಒಳಗೇನಿದೆ ಅಂತ ಗೊತ್ತಿದ್ದರೆ ಯಾವ ತಾಯಿ ಕೊಡುತ್ತಿದ್ದಳು ಹೇಳಿ?

ಇನ್ನು ಗೆಡ್ಡೆಯ ಅಳತೆ. ದಯವಿಟ್ಟು ಆ ಯೋಚನೆ ಬಿಡಿ. ಒಂದು ಗೆಡ್ಡೆಯಲ್ಲಿರುವಷ್ಟೇ ಸತ್ವ ಇನ್ನೊಂದರಲ್ಲಿ ಇರುವುದಿಲ್ಲ. ನೋವು ಇಳಿಸುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಬಹಳ ಕಡಿಮೆ. ಜಾಸ್ತಿಯಾದರೆ ಮೊದಲು ವಾಂತಿ, ಭೇದಿ. ಆಮೇಲೆ ಮೂತ್ರಪಿಂಡ, ಹೃದಯ, ಮೂಳೆಮಜ್ಜೆ ಎಲ್ಲವೂ ಕೆಡುತ್ತವೆ. ತಂದೆಯವರನ್ನು ವೈದ್ಯರ ಬಳಿ ಕರೆದೊಯ್ಯಿರಿ. ಮೂತ್ರಪಿಂಡದ ತೊಂದರೆ ಇದ್ದರೆ ಮೊದಲೇ ಹೇಳಿ, ಈಗ ನುಂಗುತ್ತಿರುವ ಮಾತ್ರೆಗಳನ್ನೆಲ್ಲ ತೋರಿಸಿ. ಯೂರಿಕ್ ಆಮ್ಲ ತಗ್ಗಿಸುವ ಅಲೋಪ್ಯುರಿನಾಲ್‌ನಂಥ ಮಾತ್ರೆ ಬೇಕಾ ಅಂತಲೂ ಕೇಳಿ.