ಪಂಜರಕ್ಕಿಂತ ಮೊದಲು ದ್ವೀಪ

ಪತ್ರ: ಕಳೆದ ಸಂಚಿಕೆಯಲ್ಲಿ ನ್ಯೂಜಿಲೆಂಡಿನ ಕಾಕಪೋ ಗಿಳಿಯ ಲೇಖನ ಓದಿದೆ. ಹಾರಲೂ ಬಾರದ ಈ ಹಕ್ಕಿಯನ್ನು ದ್ವೀಪಗಳಲ್ಲಿ ವರ್ಷಗಟ್ಟಲೆ ಕಾಯುವುದಕ್ಕಿಂತ ಮೃಗಾಲಯದಲ್ಲಿ ಮರಿ ಮಾಡಿಸಿ ಬಿಡುವುದು ಸುಲಭವಲ್ಲವೇ?
– ಓದುಗರೊಬ್ಬರು, ಜಯನಗರ

ಉತ್ತರ: ಮಾನ್ಯರೇ, ನಿಮ್ಮ ಮಾತಿನಲ್ಲಿ ಹುರುಳಿಲ್ಲವೆನ್ನಲಾರೆ. ಮಾರಿಷಸ್‌ನ ಚಾಣಗಳಲ್ಲಿ 1974ರಲ್ಲಿ ಲೆಕ್ಕಕ್ಕೆ ಸಿಕ್ಕಿದ್ದು ನಾಲ್ಕೇ. ಆ ಕುಲವನ್ನು ಉಳಿಸುವಲ್ಲಿ ಮರಿಗಳನ್ನು ಸಾಕಿ ಬಿಟ್ಟದ್ದರ ಪಾಲು ದೊಡ್ಡದು.

ಆದರೆ ಬಿಡುವುದು ಎಲ್ಲಿಗೆ? ರಿಚರ್ಡ್ ಹೆನ್ರಿ ಎಂಬ ಪಾಲಕರು 1894ರಿಂದ ನೂರಾರು ಕಾಕಪೋ, ಕಿವಿ ಹಕ್ಕಿಗಳನ್ನು ಹಿಡಿದು ದೋಣಿಯಲ್ಲಿ ರೆಸಲ್ಯೂಷನ್ ದ್ವೀಪಕ್ಕೆ ಸಾಗಿಸಿದರು. 1900ರ ಹೊತ್ತಿಗೆ ಸ್ಟೋಟ್ ಎಂಬ, ಮುಂಗುಸಿಯನ್ನು ಹೋಲುವ ಬೇಟೆ ಪ್ರಾಣಿ ಈಜಿಕೊಂಡು ಅಲ್ಲಿಗೂ ಬಂದಿತ್ತು. ಅಷ್ಟು ವರ್ಷಗಳ ದುಡಿಮೆ ನೀರುಪಾಲಾದ ಈ ಪ್ರಸಂಗವನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

1995ರಲ್ಲಿ ಉಳಿದಿದ್ದ ಕಾಕಪೋಗಳು 51. ಇಂದು ಇನ್ನೂರಕ್ಕೂ ಹೆಚ್ಚು. ವೆನುವಾ ಹೌ ಮೊದಲಾದ ದ್ವೀಪಗಳನ್ನು ಶತ್ರುಪ್ರಾಣಿಗಳಿಂದ ಮುಕ್ತಗೊಳಿಸಿ, ಕಾಕಪೋ ಮರಿ ಮಾಡುವುದು ಅಲ್ಲಿನ ರಿಮು ಮರ ಹೇರಳವಾಗಿ ಹಣ್ಣು ಬಿಟ್ಟಾಗಲೇ ಆದ್ದರಿಂದ ಅಂಥ ವರ್ಷಕ್ಕಾಗಿ ಕಾದು, ಗೂಡುಗಳಿಗೆ ರಾತ್ರಿಯಿಡೀ ಕಾವಲಿದ್ದವರ ಫಲವದು. ತಾಯಿಹಕ್ಕಿಗಳಿಗೆ ಯಥೇಚ್ಛವಾಗಿ ಆಹಾರ ಕೊಟ್ಟಾಗ ಗಂಡುಮರಿಗಳೇ ಹೆಚ್ಚು ಹುಟ್ಟತೊಡಗಿದವು. ಪ್ರತಿ ಹಕ್ಕಿಯನ್ನೂ ತೂಗಿ, ತೂಕ ನೋಡಿ ಆಹಾರವನ್ನು ಹದಗೊಳಿಸಿದ ಮೇಲೆ ಅದು ಸರಿಹೋಯಿತು. ವರ್ಷಗಟ್ಟಲೆ ಜೊತೆಗಿದ್ದವರಿಗಲ್ಲದೆ ಇಂಥ ಸೂಕ್ಷ್ಮ ಯಾರಿಗೆ ತಿಳಿದೀತು?

ನಮ್ಮ ದೇಶದ್ದೇ ಆದ ನಾರ್ಕೊಂಡಮ್ ಮಂಗಟ್ಟೆ ಹಕ್ಕಿಗೆ ಜಗತ್ತಿನಲ್ಲಿರುವ ನೆಲೆ ಏಳು ಚದರ ಕಿಲೋಮೀಟರಿಗೂ ಕಡಿಮೆಯ ಒಂದೇ ದ್ವೀಪ. ಅಲ್ಲಿನ ಪೊಲೀಸ್ ಠಾಣೆಗೆಂದು ತಂದ ಆಡುಗಳು ಬೆಳೆದು ಕಾಡಾಡಿಗಳಾಗಿ ಎಳೆಯ ಸಸಿಗಳನ್ನು ಮೇಯುತ್ತಿದ್ದವು. ಪೊಟರೆಯುಳ್ಳ ಹಳೆಯ ಮರವಿಲ್ಲದೆ ಗೂಡು ಕಟ್ಟದ ಹಕ್ಕಿಗೆ ಇಂದಿನ ಸಸಿಯೇ ನಾಳಿನ ಮನೆ; ಆದ್ದರಿಂದ ಆಡುಗಳನ್ನು ಅಲ್ಲಿಂದ ಹೊರಸಾಗಿಸಿದ್ದೇ ಆ ಹಕ್ಕಿಗೆ ಮಾಡಿದ ದೊಡ್ಡ ಉಪಕಾರ. ಪಂಜರದಲ್ಲಿ ಎಷ್ಟು ಮರಿ ಮಾಡಿಸಿದರೂ ಈ ಕೆಲಸ ಆಗುತ್ತಿರಲಿಲ್ಲ.

ನೀವು ಬೆಂಗಳೂರಿನವರು, ನಿಮಗಿದು ಅರ್ಥವಾಗಬೇಕು. ನಮ್ಮ ಬಡಾವಣೆಯ ಉದ್ಯಾನದಲ್ಲಿ ಪ್ರತಿ ಜೂನ್ ತಿಂಗಳೂ ಹೊಂಗೆ ಸಸಿ ನೆಡುತ್ತಾರೆ. ಬೇಸಿಗೆಯಲ್ಲಿ ಒಂದು ಕೊಡ ನೀರು ಹಾಕುವವರಿಲ್ಲದೆ ಅದು ಒಣಗುತ್ತದೆ. ಮರುವರ್ಷ ಅದೇ ಗುಂಡಿಗೆ ಹೊಸ ಸಸಿ ಬರುತ್ತದೆ. ಹಕ್ಕಿ ಬಿಡುವ ದಿನವನ್ನಷ್ಟೇ ಯೋಜನೆಯೆಂದು ಕರೆದರೆ ಅಲ್ಲೂ ಹೀಗೆಯೇ ಆಗುತ್ತದೆ. ನಿಮ್ಮ ಬೀದಿಯ ಗುಂಡಿಗಳನ್ನೊಮ್ಮೆ ನೋಡಿ ಬಂದು ನನಗೆ ಮತ್ತೆ ಬರೆಯಿರಿ. ಆ ಪತ್ರವನ್ನೂ ಪ್ರಕಟಿಸುತ್ತೇನೆ.
– ಸಂ.