ಮೊದಲ ಪಿಪಿಎಂಗೆ ಹೋಗುವ ಮುಂಚೆ

ಪ್ರಶ್ನೆ: ಬೆಂಗಳೂರಿನ ಜಾಹೀರಾತು ಏಜೆನ್ಸಿಯಲ್ಲಿ ಹೊಸ ಪ್ರೊಡ್ಯೂಸರ್ ನಾನು. ಮುಂದಿನ ವಾರ ಮೊದಲ ಪಿಪಿಎಂ, ಅಂದರೆ ಶೂಟಿಂಗ್‌ಗೆ ಮುಂಚಿನ ಮೀಟಿಂಗ್. ಹೇಗೆ ತಯಾರಾಗಲಿ?

ಉತ್ತರ: ಕ್ಲೈಂಟ್ ಬರುವ ಮುಂಚೆ ಡೈರೆಕ್ಟರ್ ಜೊತೆ ಕೂತು ಜಗಳವಿದ್ದರೆ ಅಲ್ಲೇ ಮುಗಿಸಿ. ಮೀಟಿಂಗ್‌ನಲ್ಲಿ ಶೂಟಿಂಗ್ ಬೋರ್ಡ್ (ಒಂದೊಂದು ಶಾಟ್ ಹೇಗಿರುತ್ತೆ ಅನ್ನೋ ಚಿತ್ರಗಳು), ಕಲಾವಿದರು, ಲೊಕೇಶನ್, ಬಟ್ಟೆ ಎಲ್ಲಾ ಡೈರೆಕ್ಟರೇ ತೋರಿಸುತ್ತಾರೆ. ಅದರಲ್ಲಿ ಇಲ್ಲದ್ದನ್ನು ಹುಡುಕುವುದೇ ನಿಮ್ಮ ಕೆಲಸ. ಮಾಡೆಲ್ ಕಾಂಟ್ರ್ಯಾಕ್ಟ್ ಟಿವಿಗೆ ಮಾತ್ರವಾ, ಯೂಟ್ಯೂಬ್‌ಗೂ ಇದೆಯಾ, ಎಷ್ಟು ವರ್ಷಕ್ಕೆ, 30 ಸೆಕೆಂಡಿನ ಜಾಹೀರಾತಿನ ಜೊತೆ 10 ಸೆಕೆಂಡಿನದೂ ಬೇಕಾ, ಮಳೆ ಬಂದು ಶೂಟಿಂಗ್ ನಿಂತರೆ ಖರ್ಚು ಯಾರದ್ದು ಅಂತ ಕೇಳಿ, ಮುಜುಗರ ಬೇಡ. ಸ್ಕ್ರಿಪ್ಟ್‌ನಲ್ಲಿ ನಾಯಿ ಇದೆಯಾ? ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಮೊದಲೇ ಬೇಕು, ಇದನ್ನು ಜಾಸ್ತಿ ಜನ ಮರೆಯುತ್ತಾರೆ. ಒಪ್ಪಿದ್ದನ್ನೆಲ್ಲಾ ಅವತ್ತೇ ಮೇಲ್ ಮಾಡಿ. ಸೆಟ್‌ನಲ್ಲಿ 'ನಾನು ಹಳದಿ ಸೀರೆ ಅಂದಿದ್ದೆ' ಅನ್ನುವವರು ಒಬ್ಬರು ಇದ್ದೇ ಇರುತ್ತಾರೆ!